ಲೆಕ್ಕಕ್ಕೆ ಬಂದ ಮೂರು ತಾಲ್ಲೂಕುಗಳು: ಆಳಂದ, ಅಫಜಲಪುರ, ಜೇವರ್ಗಿ

2002ರ ಜೂನ್‌ನಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ 39 ತಾಲ್ಲೂಕುಗಳ ಒಂದು ಪಟ್ಟಿ ಇತ್ತು. ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿ ಅದು. ರಾಜ್ಯದಲ್ಲಿ ಆಗ ಇದ್ದದ್ದು 175 ತಾಲ್ಲೂಕು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. 21ರಲ್ಲಿ ಒಂಬತ್ತು ಅಂದಿನ ಗುಲ್ಬರ್ಗ ಜಿಲ್ಲೆಯೊಂದರವೇ. ಹತ್ತು ತಾಲ್ಲೂಕುಗಳ ಆ ಜಿಲ್ಲೆಯಲ್ಲಿ ಈ ಪಟ್ಟಿಯಿಂದ ತಪ್ಪಿಸಿಕೊಂಡದ್ದು ಗುಲ್ಬರ್ಗ ತಾಲ್ಲೂಕು ಮಾತ್ರ, ಅದೂ ಒಂದು ಮೆಟ್ಟಿಲು ಮೇಲಿನ ‘ಅತಿ ಹಿಂದುಳಿದ’ ಸಾಲಿನಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕೆಳಗಿನ ಪಟ್ಟಿಯಲ್ಲಿದ್ದವು.

ಈ ಮೂರು ತಾಲ್ಲೂಕುಗಳ ಜನಕ್ಕೆ ತಾವು ಹಿಂದುಳಿದವರೆಂದು ತಿಳಿಯಲು ಸಮಿತಿಯೇನೂ ಬೇಕಿರಲಿಲ್ಲ. ದವಾಖಾನಿ ಇದ್ದರೆ ಡಾಕ್ಟರ್ ಇಲ್ಲ, ಡಾಕ್ಟರ್ ಇದ್ದರೆ ಔಷಧಿ ಇಲ್ಲ ಎನ್ನುವುದು ಅವರು ದಿನವೂ ಉಂಡ ಸಂಕಟ. ಆದರೆ ಅಲ್ಲಿಯವರೆಗೆ ಅದು ದೂರು ಮಾತ್ರವಾಗಿತ್ತು. ದೂರಿಗೆ ಬೆಂಗಳೂರಿನಲ್ಲಿ ಸಿಗುತ್ತಿದ್ದದ್ದು ಸಹಾನುಭೂತಿ, ಹೆಚ್ಚೆಂದರೆ ಒಂದು ಭರವಸೆ. ತಾಲ್ಲೂಕಿನ ಹೆಸರಿನ ಮುಂದೆ ಒಂದು ಅಂಕಿ ಬಂದು ನಿಂತ ಮೇಲೆ ಅದನ್ನು ಬಜೆಟ್ಟಿನ ಮಾತಿನಲ್ಲಿ ಕೇಳುವುದು ಸಾಧ್ಯವಾಯಿತು. ನಮ್ಮ ಭಾಗದ ಪ್ರದೇಶಾಭಿವೃದ್ಧಿ ಮಂಡಳಿಯ ಚರಿತ್ರೆಯನ್ನು ರಸ್ತೆ, ಕಟ್ಟಡ, ಅನುದಾನಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಅದನ್ನು ಎಣಿಕೆಯ ಚರಿತ್ರೆಯಾಗಿಯೂ ಬರೆಯಬೇಕು ಎಂಬುದು ಈ ಲೇಖನದ ಆಸೆ. ಯಾರನ್ನು ಎಣಿಸಿದೆವು, ಯಾವ ಮಟ್ಟದವರೆಗೆ ಎಣಿಸಿದೆವು, ಎಲ್ಲಿ ನಿಲ್ಲಿಸಿದೆವು ಎಂಬುದರ ಮೇಲೆಯೇ ಯಾರ ಮನೆಯ ಬಾಣಂತಿ ಉಳಿದಳು, ಯಾರ ಮನೆಯ ಕೂಸು ಉಳಿಯಲಿಲ್ಲ ಎಂಬುದು ಬಹುಮಟ್ಟಿಗೆ ನಿಂತಿದೆ.

ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್ 17ರಂದು ಭಾರತ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದ ಭಾಗವಾದವು. ಹಳೆಯ ಮೈಸೂರಿನ ಆಸ್ಪತ್ರೆ, ಶಾಲೆ, ಆಡಳಿತದ ಪಕ್ಕದಲ್ಲಿ ನಿಜಾಮರ ಸೀಮೆಯ ಹಳ್ಳಿಗಳು ಬಂದು ಕೂತಾಗ ಅಂತರ ಕಣ್ಣಿಗೆ ಹೊಡೆಯುವಂತಿತ್ತು. ಆದರೂ ಈ ಅಂತರವನ್ನು ಸರ್ಕಾರದ ಮಟ್ಟದಲ್ಲಿ ಪ್ರತ್ಯೇಕವಾಗಿ ಎತ್ತಿಕೊಳ್ಳಲು ಕಾಲು ಶತಮಾನ ಬೇಕಾಯಿತು. 1981ರಲ್ಲಿ ವರದಿ ಕೊಟ್ಟ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಸಮಿತಿಯ ಅಧ್ಯಕ್ಷರು ಎನ್. ಧರ್ಮಸಿಂಗ್. ಅವರು ಜೇವರ್ಗಿ ತಾಲ್ಲೂಕಿನ ನೆಲೋಗಿಯವರು, ಜೇವರ್ಗಿಯ ಶಾಸಕರು. ಆ ವರದಿ ಹಾಕಿಕೊಟ್ಟ ಹಾದಿಯಲ್ಲಿ ಹತ್ತು ವರ್ಷದ ನಂತರ, 1991ರ ಕಾಯ್ದೆಯ ಮೂಲಕ, ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿತು. ಜನ ಅದನ್ನು ಕರೆದದ್ದು ‘ಎಚ್‌ಕೆಡಿಬಿ’ ಎಂದೇ. ಸಣ್ಣ ಅನುದಾನ, ಸಣ್ಣ ಕಾಮಗಾರಿ, ಶಾಸಕರ ಶಿಫಾರಸು. ಅದರ ಕೆಲಸದ ರೀತಿ ಹೆಚ್ಚುಕಡಿಮೆ ಇಷ್ಟೇ ಆಗಿತ್ತು. ಧರ್ಮಸಿಂಗ್ ವರದಿ ಬಂದು ಇಪ್ಪತ್ತೊಂದು ವರ್ಷದ ಮೇಲೆ ನಂಜುಂಡಪ್ಪ ಸಮಿತಿ ಎಣಿಸಿದಾಗ ಅವರದೇ ಜೇವರ್ಗಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿತ್ತು. ಒಬ್ಬ ಪ್ರಭಾವಿ ನಾಯಕನ ಪ್ರಯತ್ನವೊಂದರಿಂದಲೇ ತಾಲ್ಲೂಕು ಮೇಲೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇರೆ ಬೇಡ. ಹಣ ಎಲ್ಲಿ ಹೋಗಬೇಕು ಎಂದು ಹೇಳುವ ಅಳತೆಗೋಲು ಆಗ ಇರಲಿಲ್ಲ.

ನಂಜುಂಡಪ್ಪನವರು ಆ ಅಳತೆಗೋಲನ್ನು ಕೊಟ್ಟರು. 2000ದ ಅಕ್ಟೋಬರ್‌ನಲ್ಲಿ ರಚನೆಯಾದ ಅವರ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿಯಿತು. ಇದು ಮೇಲ್ನೋಟಕ್ಕೆ ಸಣ್ಣ ಆಯ್ಕೆ. ನನ್ನ ಮಟ್ಟಿಗೆ ಇಡೀ ವರದಿಯ ಜೀವ ಇರುವುದು ಅಲ್ಲಿಯೇ. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಸಾಮಾಜಿಕ ಸೌಲಭ್ಯ, ಜನಸಂಖ್ಯೆಯ ಲಕ್ಷಣ ಇವೆಲ್ಲ ಸೇರಿ 35 ಸೂಚಕಗಳು. ಅವುಗಳನ್ನು ಒಟ್ಟುಮಾಡಿ ಒಂದು ಸಮಗ್ರ ಸೂಚ್ಯಂಕ. ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟುಕೊಂಡರೆ ಅದಕ್ಕಿಂತ ಕೆಳಗೆ ಬಿದ್ದವು 114 ತಾಲ್ಲೂಕುಗಳು. ಎಷ್ಟು ಕೆಳಗೆ ಬಿದ್ದವು ಎಂಬುದನ್ನು ನೋಡಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿದರು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲು 2007-08 ಆಯಿತು, ಆ ಮಾತು ಬೇರೆ. ನಂಜುಂಡಪ್ಪನವರು ಅದನ್ನು ನೋಡಲು ಇರಲಿಲ್ಲ, 2005ರಲ್ಲಿ ತೀರಿಕೊಂಡಿದ್ದರು.

ಆರೋಗ್ಯಕ್ಕೆ ಈ ಸೂಚ್ಯಂಕದಲ್ಲಿ ಸಿಕ್ಕ ಜಾಗ ಕಡಿಮೆ. ಹತ್ತು ಸಾವಿರ ಜನಕ್ಕೆ ಎಷ್ಟು ವೈದ್ಯರು, ಹತ್ತು ಸಾವಿರ ಜನಕ್ಕೆ ಸರ್ಕಾರಿ ಆಸ್ಪತ್ರೆಯ ಎಷ್ಟು ಹಾಸಿಗೆ ಎಂಬ ಎರಡು ಲೆಕ್ಕಗಳೇ ಮುಖ್ಯ. ಇವೆರಡೂ ವ್ಯವಸ್ಥೆ ಏನನ್ನು ಇಟ್ಟಿದೆ ಎಂದು ಹೇಳುತ್ತವೆ, ಜನಕ್ಕೆ ಏನಾಯಿತು ಎಂದು ಹೇಳುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಐವತ್ತು ಮಂಚ ಹಾಕಿದರೆ ಸೂಚ್ಯಂಕ ಏರುತ್ತದೆ. ಆ ಮಂಚದವರೆಗೆ ರಾತ್ರಿ ಹನ್ನೆರಡಕ್ಕೆ ಬರಲಾಗದ ಬಸುರಿಯ ಲೆಕ್ಕ ಸೂಚ್ಯಂಕದಲ್ಲಿ ಎಲ್ಲಿಯೂ ಇಲ್ಲ. ಎಣಿಸಿದ್ದಕ್ಕೆ ಹಣ ಹೋಗುತ್ತದೆ. ಹಾಗಾಗಿ ನಮ್ಮ ಕಡೆ ಕಟ್ಟಡಗಳು ಎದ್ದವು.

ಅದೇ ವರ್ಷಗಳಲ್ಲಿ ಇನ್ನೆರಡು ದಾಖಲೆಗಳು ಬಂದವು. ಡಾ. ಎಚ್. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ 2001ರಲ್ಲಿ ವರದಿ ಕೊಟ್ಟು, ಉತ್ತರದ ಜಿಲ್ಲೆಗಳಿಗೆ ಬೇರೆಯದೇ ಕ್ರಮ ಬೇಕು ಎಂದು ಹೇಳಿತು. 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯಲ್ಲಿ 27 ಜಿಲ್ಲೆಗಳ ಪೈಕಿ ಗುಲ್ಬರ್ಗ 26ನೆಯದು, ಸೂಚ್ಯಂಕ 0.564, ಅದರ ಕೆಳಗಿದ್ದದ್ದು ರಾಯಚೂರು ಒಂದೇ. ಮೊದಲ ಸ್ಥಾನದ ಬೆಂಗಳೂರು ನಗರ ಜಿಲ್ಲೆಯದು 0.753. ಒಂದೇ ರಾಜ್ಯ, ಒಂದೇ ಸರ್ಕಾರ, ಒಂದೇ ಆರೋಗ್ಯ ಇಲಾಖೆ.

ಈ ಅಂಕಿಗಳ ಒತ್ತಡದಿಂದ ಕೆಲವು ಯೋಜನೆಗಳು ಮೊದಲು ನಮ್ಮಲ್ಲಿಗೇ ಬಂದವು. ಬಡ ಬಸುರಿಗೆ ಖಾಸಗಿ ಆಸ್ಪತ್ರೆಯಲ್ಲಿ ಉಚಿತ ಹೆರಿಗೆ ಮಾಡಿಸುವ ‘ತಾಯಿ ಭಾಗ್ಯ’ ಹಿಂದುಳಿದ ಜಿಲ್ಲೆಗಳಿಗೆಂದೇ ಶುರುವಾಯಿತು, ಗುಲ್ಬರ್ಗವೂ ಅದರಲ್ಲಿತ್ತು. ಆದರೆ ಹೆರಿಗೆ ತಜ್ಞರಿರುವ ಖಾಸಗಿ ಆಸ್ಪತ್ರೆಗಳು ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ತಾಲ್ಲೂಕಿನ ಹೆಂಗಸಿಗೆ ದೂರ ಹಾಗೆಯೇ ಉಳಿಯಿತು.

ವಾಜಪೇಯಿ ಆರೋಗ್ಯಶ್ರೀಯ ಕತೆ ಬೇರೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ಉಚಿತ ಚಿಕಿತ್ಸೆ ಕೊಡುವ ಈ ಯೋಜನೆ 2010ರ ಫೆಬ್ರುವರಿಯಲ್ಲಿ ಗುಲ್ಬರ್ಗ ವಿಭಾಗದಲ್ಲಿ ಆರಂಭವಾಯಿತು. ಹಳ್ಳಿಗಳಲ್ಲಿ ಆರೋಗ್ಯ ಶಿಬಿರ ನಡೆಸಿ, ರೋಗಿಯನ್ನು ಪತ್ತೆಹಚ್ಚಿ, ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು ಅದರಲ್ಲಿತ್ತು. ಯೋಜನೆ ಉತ್ತರದ ಜಿಲ್ಲೆಗಳಿಗೆ ಮೊದಲು ಬಂದು ದಕ್ಷಿಣಕ್ಕೆ ಇನ್ನೂ ಹೋಗಿರಲಿಲ್ಲವಾದ್ದರಿಂದ ನಡುವೆ ಒಂದು ಗಡಿ ಬಿದ್ದಿತ್ತು. ಸಂಶೋಧಕರು ಆ ಗಡಿಯ ಎರಡೂ ಬದಿಯ ಹಳ್ಳಿಗಳಿಗೆ ಹೋಗಿ ಮನೆಮನೆ ವಿಚಾರಿಸಿದರು. ಯೋಜನೆ ಇದ್ದ ಬದಿಯಲ್ಲಿ 300 ಹಳ್ಳಿ, ಇಲ್ಲದ ಬದಿಯಲ್ಲಿ 272, ಒಟ್ಟು ಸುಮಾರು ಅರವತ್ತು ಸಾವಿರ ಮನೆಗಳು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ ಬಡ ಕುಟುಂಬಗಳಲ್ಲಿ ಈ ಬದಿಗೆ ಶೇ 0.32, ಆ ಬದಿಗೆ ಶೇ 0.90. ಆಸ್ಪತ್ರೆಗೆಂದು ಕೈಯಿಂದ ಹಾಕುವ ಹಣ ಮೂರನೇ ಒಂದರಷ್ಟು ತಗ್ಗಿತ್ತು. ಹಿಂದುಳಿದ ಸೀಮೆಗೆ ಮೊದಲು ಕೊಡಿ ಎಂದು ಕೇಳುವುದು ದಾಕ್ಷಿಣ್ಯದ ಬೇಡಿಕೆ ಎಂದುಕೊಂಡವರಿಗೆ ಈ ಎರಡು ಅಂಕಿಗಳನ್ನು ತೋರಿಸಬೇಕು. ಕೊಟ್ಟಲ್ಲಿ ಜೀವ ಉಳಿದಿದೆ, ಮತ್ತು ಎಣಿಸಿದ್ದರಿಂದ ಅದು ಗೊತ್ತಾಗಿದೆ.

ಇನ್ನು ತಾಯಂದಿರ ವಿಷಯ. ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಮರಣ 2001-03ರಲ್ಲಿ 228 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಈ ಅಂಕಿಯನ್ನು ಕೊಡುವ ಮಾದರಿ ನೋಂದಣಿ ಪದ್ಧತಿ ರಾಜ್ಯದ ಮಟ್ಟಕ್ಕೇ ನಿಲ್ಲುತ್ತದೆ. ಜಿಲ್ಲೆಯದನ್ನು ಅದು ಹೇಳುವುದಿಲ್ಲ, ತಾಲ್ಲೂಕಿನ ಮಾತಂತೂ ದೂರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯವರೆಗೆ ಬರುತ್ತದೆ. 2019-21ರ ಅದರ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ರಾಜ್ಯದ ಮಟ್ಟದಲ್ಲಿ ಜಾತಿವಾರು ವಿಂಗಡಣೆ ಸಿಗುತ್ತದೆ. ಜಿಲ್ಲೆಯ ಅಂಕಿಪಟ್ಟಿಗೆ ಬಂದಾಗ ಜಾತಿ ಮಾಯವಾಗುತ್ತದೆ. ಕಲಬುರಗಿ (ಹಿಂದಿನ ಗುಲ್ಬರ್ಗ) ಜಿಲ್ಲೆಯ ಜನಸಂಖ್ಯೆಯಲ್ಲಿ ನಾಲ್ಕನೇ ಒಂದು ಭಾಗ ಪರಿಶಿಷ್ಟ ಜಾತಿಯವರು ಎಂದು 2011ರ ಜನಗಣತಿ ಹೇಳುತ್ತದೆ. ಆ ನಾಲ್ಕನೇ ಒಂದು ಭಾಗದ ತಾಯಂದಿರ ರಕ್ತ ಎಷ್ಟಿದೆ, ಮಕ್ಕಳ ತೂಕ ಎಷ್ಟಿದೆ ಎಂದು ಜಿಲ್ಲೆಯ ಅಂಕಿಪಟ್ಟಿಯನ್ನು ಕೇಳಿದರೆ ಉತ್ತರವಿಲ್ಲ.

ಸರಾಸರಿಯ ತೊಂದರೆ ಇದೇ. ಕಲಬುರಗಿ ನಗರದಲ್ಲಿ 1963ರಷ್ಟು ಹಿಂದೆಯೇ ಶುರುವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ, ಖಾಜಾ ಬಂದಾನವಾಜ್ ಸಂಸ್ಥೆಯ ವೈದ್ಯಕೀಯ ಕಾಲೇಜಿದೆ, ಇಎಸ್‌ಐ ವೈದ್ಯಕೀಯ ಕಾಲೇಜಿದೆ, ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್ ಇದೆ. ಇಷ್ಟೆಲ್ಲ ಒಂದೇ ಊರಲ್ಲಿ ಸೇರಿದಾಗ ಜಿಲ್ಲೆಯ ಲೆಕ್ಕ ಹಸನಾಗಿ ಕಾಣುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ. ಕಲಬುರಗಿ ಸೇರಲಿಲ್ಲ. ಯಾದಗಿರಿ 2009ರ ಕೊನೆಯವರೆಗೆ ಇದೇ ಜಿಲ್ಲೆಯ ಭಾಗವಾಗಿತ್ತು ಎಂಬುದನ್ನು ನೆನೆದರೆ, ಗಡಿಗೆರೆ ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಯಾರು ಕಾಣುತ್ತಾರೆ, ಯಾರು ಮರೆಯಾಗುತ್ತಾರೆ ಎಂಬುದು ಅರ್ಥವಾಗುತ್ತದೆ. ಅಫಜಲಪುರದ ಕರಜಗಿಯೋ ಜೇವರ್ಗಿಯ ಅಂದೋಲವೋ ಕಲಬುರಗಿಯ ಸೂಪರ್‌ಮಾರ್ಕೆಟ್ ರಸ್ತೆಯ ಜೊತೆ ಸರಾಸರಿಗೊಂಡರೆ ಯಾರಿಗೂ ನ್ಯಾಯ ಸಿಗುವುದಿಲ್ಲ.

ಹಾಗಾದರೆ ತಾಲ್ಲೂಕಿನ ಕೆಳಗಿನ ಲೆಕ್ಕ ಇರುವುದೆಲ್ಲಿ? ಆಶಾ ಕಾರ್ಯಕರ್ತೆಯ ಡೈರಿಯಲ್ಲಿ, ಜನ ಇವತ್ತಿಗೂ ಸಿಸ್ಟರ್ ಎಂದು ಕರೆಯುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯ ರಿಜಿಸ್ಟರಿನಲ್ಲಿ, ಅಂಗನವಾಡಿ ಟೀಚರ್ ಬರೆದಿಡುವ ತೂಕದ ಪಟ್ಟಿಯಲ್ಲಿ, ಬಸುರಿಯ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ. 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಎಂಬ ಹುದ್ದೆಯನ್ನು ಸೃಷ್ಟಿಸಿದಾಗ, ನಮ್ಮ ಸೀಮೆಗೆ ಮೊದಲ ಬಾರಿಗೆ ಸಾವಿರ ಜನಕ್ಕೊಬ್ಬರಂತೆ ಮನೆಮನೆಯ ಹೆಸರು ಗೊತ್ತಿರುವ ಲೆಕ್ಕಿಗರು ಸಿಕ್ಕರು. ಮಂಡಳಿಯ ಚರಿತ್ರೆಯಲ್ಲಿ ಈ ಹೆಣ್ಣುಮಕ್ಕಳಿಗೆ ಒಂದು ಅಧ್ಯಾಯವೇ ಇರಬೇಕು.

ಈ ಕೈಬರಹದ ಲೆಕ್ಕವನ್ನು ಕೆಲಸಕ್ಕೆ ಹಚ್ಚಿದ ದೊಡ್ಡ ಪ್ರಯತ್ನ ‘ಸುಕ್ಷೇಮ’. ಕರ್ನಾಟಕ ಆರೋಗ್ಯ ಸಂವರ್ಧನ ಪ್ರತಿಷ್ಠಾನ (ಕೆಎಚ್‌ಪಿಟಿ), ಮ್ಯಾನಿಟೋಬಾ ವಿಶ್ವವಿದ್ಯಾಲಯ ಮೊದಲಾದ ಸಂಸ್ಥೆಗಳು ಸರ್ಕಾರದ ಜೊತೆ ಸೇರಿ, ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ, 2010ರ ಆಸುಪಾಸಿನಿಂದ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ ಮಗುವಿನ ಆರೋಗ್ಯಕ್ಕಾಗಿ ನಡೆಸಿದ ಕಾರ್ಯಕ್ರಮ ಅದು. ಆಶಾ ಕಾರ್ಯಕರ್ತೆ ತನ್ನ ಪಾಲಿನ ಮನೆಗಳನ್ನೆಲ್ಲ ಎಣಿಸಿ, ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಯ ಕೂಸಿಗೆ ಯಾವ ಲಸಿಕೆ ಬಾಕಿ ಇದೆ, ಯಾರಿಗೆ ಯಾವ ಸೇವೆ ತಪ್ಪಿತು ಎಂದು ಒಂದೇ ಪಟ್ಟಿಯಲ್ಲಿ ನೋಡಿಕೊಳ್ಳುವಂತೆ ಒಂದು ಎಣಿಕೆ ಪಟ್ಟಿಯನ್ನು ಅದು ರೂಪಿಸಿತು. ಮೇಲಿನ ಕಚೇರಿಗೆ ವರದಿ ಕಳಿಸುವುದಕ್ಕೆಂದು ಬರೆಯುವ ರಿಜಿಸ್ಟರಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಇದು ಬರೆದವಳಿಗೇ ದಾರಿ ತೋರಿಸುವ ಲೆಕ್ಕ. ಇವತ್ತು ಯಾವ ಮನೆಗೆ ಮೊದಲು ಹೋಗಬೇಕು ಎಂದು ಬೆಳಿಗ್ಗೆ ಹೊರಡುವ ಮುಂಚೆ ಅವಳಿಗೆ ತಿಳಿಯುತ್ತದೆ.

ಸುಕ್ಷೇಮದ ಇನ್ನೊಂದು ಭಾಗ ಗುಲ್ಬರ್ಗ ಮತ್ತು ಬಳ್ಳಾರಿ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯಿತು. 2012ರ ಆಗಸ್ಟ್‌ನಿಂದ 2013ರ ಡಿಸೆಂಬರ್‌ವರೆಗೆ 108 ಕೇಂದ್ರಗಳನ್ನು ಎರಡು ಪಾಲು ಮಾಡಿ, 54ರಲ್ಲಿ ಅನುಭವಿ ನರ್ಸುಗಳು ಮಾರ್ಗದರ್ಶಿಗಳಾಗಿ ಮತ್ತೆಮತ್ತೆ ಬಂದು, ಅಲ್ಲಿನ ನರ್ಸುಗಳ ಜೊತೆಯಲ್ಲೇ ಕೆಲಸ ಮಾಡುತ್ತ ಕಲಿಸಿದರು. ಹೆರಿಗೆಯ ಪ್ರತಿ ಹಂತವನ್ನೂ ಬರೆದಿಡುವ ಕೇಸ್ ಶೀಟ್ ಜಾರಿಗೆ ಬಂತು. ಗರ್ಭನಂಜು ಬಂದಾಗ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಕಪಾಟಿನಲ್ಲಿದೆಯೇ, ಕೂಸಿಗೆ ಕೊಡುವ ವಿಟಮಿನ್ ಕೆ ಇದೆಯೇ, ತೊಡಕು ಬಂದಾಗ ಏನು ಮಾಡಬೇಕೆಂದು ನರ್ಸಿಗೆ ಗೊತ್ತಿದೆಯೇ ಎಂದು ಕೊನೆಯಲ್ಲಿ ನೋಡಿದಾಗ, ಮಾರ್ಗದರ್ಶನ ಸಿಕ್ಕ ಕೇಂದ್ರಗಳು ಉಳಿದವಕ್ಕಿಂತ ಮುಂದಿದ್ದವು. ಮಂಚಗಳನ್ನು ಎಣಿಸುವುದಕ್ಕಿಂತ ಮಂಚದ ಪಕ್ಕದಲ್ಲಿ ನಿಂತವಳ ಕೈಗೆ ಏನು ಗೊತ್ತಿದೆ ಎಂದು ಅಳೆಯುವುದು ಕಷ್ಟದ ಕೆಲಸ. ಅದನ್ನೂ ಅಳೆಯಬಹುದು ಎಂದು ನಮ್ಮ ಜಿಲ್ಲೆಯ ಕೇಂದ್ರಗಳಲ್ಲೇ ತೋರಿಸಿಕೊಟ್ಟರು.

ಆದರೂ ಈ ಮೂರು ತಾಲ್ಲೂಕುಗಳಲ್ಲಿ ಲೆಕ್ಕ ತಪ್ಪಿಹೋಗುವ ದಾರಿಗಳು ಬಹಳ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಹೊರಟ ಹುಡುಗಿ ಗಂಡನ ಊರಿನ ರಿಜಿಸ್ಟರಿನಲ್ಲಿ ಹಾಗೆಯೇ ಉಳಿಯುತ್ತಾಳೆ, ತವರೂರಿನಲ್ಲಿ ಹೊಸಬಳಾಗುತ್ತಾಳೆ. ‘ನಿನ್ನ ಸೊಸಿ ಎಲ್ಲಿ ಯವ್ವಾ’ ಎಂದು ಆಶಾ ಕೇಳಿದರೆ ‘ತವರಮನಿಗಿ ಹೋಗ್ಯಾಳವ್ವಾ’ ಎಂಬ ಉತ್ತರದಲ್ಲಿ ಒಂದು ಸಾಲು ಅಪೂರ್ಣವಾಗಿ ನಿಲ್ಲುತ್ತದೆ. ಆ ತವರು ಮಹಾರಾಷ್ಟ್ರದ ಅಕ್ಕಲಕೋಟೆಯ ಕಡೆಯ ಹಳ್ಳಿಯಾಗಿದ್ದರೆ ಸಾಲು ರಾಜ್ಯದ ಗಡಿಯನ್ನೇ ದಾಟುತ್ತದೆ. ಆಳಂದ, ಅಫಜಲಪುರದ ಜನಕ್ಕೆ ಸೊಲ್ಲಾಪುರ ಹತ್ತಿರದ ಊರು. ಸಂತೆ, ಬೀಗತನ, ದವಾಖಾನಿ ಎಲ್ಲಕ್ಕೂ ಅಲ್ಲಿಗೆ ಹೋಗುವುದು ತಲೆಮಾರುಗಳ ರೂಢಿ. ಅಲ್ಲಿ ಆದ ಹೆರಿಗೆ ಅಲ್ಲಿ ನೋಂದಣಿಯಾಗುತ್ತದೆ. ಅಲ್ಲಿ ತೀರಿಕೊಂಡ ತಾಯಿ ನಮ್ಮ ತಾಲ್ಲೂಕಿನ ಲೆಕ್ಕಕ್ಕೆ ಬರಬೇಕಾದರೆ ಯಾರಾದರೂ ಬೆನ್ನು ಹತ್ತಬೇಕು.

ಗುಳೆ ಇನ್ನೊಂದು. ತೊಗರಿ ರಾಶಿ ಮುಗಿದ ಮೇಲೆ ಕುಟುಂಬಗಳು ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕಬ್ಬಿನ ಕಟಾವಿಗೆ ಹೊರಡುತ್ತವೆ. ಬಸುರಿಯೂ ಹೋಗುತ್ತಾಳೆ, ಹಾಲು ಕುಡಿಯುವ ಕೂಸೂ ಹೋಗುತ್ತದೆ. ಹೋದ ಊರಿನಲ್ಲಿ ಅವರು ಯಾವ ಆಶಾಳ ಪಟ್ಟಿಯಲ್ಲೂ ಇಲ್ಲ. ನಮ್ಮ ಹಳ್ಳಿಯ ಬಡತನ ಮಹಾನಗರದ ಶೆಡ್ಡಿನಲ್ಲಿ ಅನಾರೋಗ್ಯವಾಗಿ ಕೂರುತ್ತದೆ. ಎರಡೂ ಕಡೆಯ ರಿಜಿಸ್ಟರಿನಲ್ಲಿ ಅದಕ್ಕೆ ಸಾಲಿಲ್ಲ.

ತಾಂಡಾಗಳ ವಿಷಯ ಇವೆಲ್ಲಕ್ಕಿಂತ ಗಂಭೀರ. ಲಂಬಾಣಿ ತಾಂಡಾಗಳು ಹತ್ತಾರು ವರ್ಷಗಳ ಕಾಲ ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಸರ್ಕಾರಿ ಭಾಷೆಯಲ್ಲಿ ಅವುಗಳಿಗೆ ‘ದಾಖಲೆರಹಿತ ಜನವಸತಿ’ ಎಂದು ಹೆಸರು. ತಾಂಡಾದ ಜನ ಮತ ಹಾಕುತ್ತಿದ್ದರು, ಪಡಿತರ ಚೀಟಿ ಪಡೆಯುತ್ತಿದ್ದರು, ಆದರೆ ಜನ್ಮಸ್ಥಳ ಎಂದು ಬರೆಸುತ್ತಿದ್ದದ್ದು ಪಕ್ಕದ ಊರಿನ ಹೆಸರು. ಆ ಊರಿನ ಸರಾಸರಿಯಲ್ಲಿ ತಾಂಡಾದ ಮಕ್ಕಳ ತೂಕ ಕರಗಿಹೋಗುತ್ತಿತ್ತು. 2023ರ ಜನವರಿ 19ರಂದು ನಮ್ಮದೇ ಜಿಲ್ಲೆಯ ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ತಾಂಡಾ ಮೊದಲಾದ ಜನವಸತಿಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಿಯವರು ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಸುಮಾರು 1,475 ಇಂಥ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಎಲ್ಲರೂ ಅದನ್ನು ಮನೆಯ ಹಕ್ಕಿನ ದಿನ ಎಂದು ಸರಿಯಾಗಿಯೇ ನೆನೆಯುತ್ತಾರೆ. ಆರೋಗ್ಯದ ದೃಷ್ಟಿಯಿಂದಲೂ ಅದು ದೊಡ್ಡ ದಿನ. ಗ್ರಾಮವಾದ ಮೇಲೆ ತಾಂಡಾಕ್ಕೆ ತನ್ನದೇ ಜನನ ಮರಣದ ಲೆಕ್ಕ ಇರಬಹುದು.

ಹೀಗೆ ಬಿಡಿಸಿ ಎಣಿಸಿದರೆ ಏನು ತಿಳಿಯುತ್ತದೆ ಎಂಬುದಕ್ಕೆ, ಅಮೆರಿಕದ ಕಪ್ಪು ಜನರ ಸಾವಿನ ಲೆಕ್ಕವನ್ನು ಬೇರೆಯಾಗಿ ತೆಗೆದು ನೋಡಿದ ಒಂದು ಹಳೆಯ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಡಬ್ಲ್ಯು.ಇ.ಬಿ. ಡುಬಾಯ್ಸ್ ಎಂಬ ತರುಣ ವಿದ್ವಾಂಸರು 1896-97ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಏಳನೇ ವಾರ್ಡಿನ ಕಪ್ಪು ಜನರ ಮನೆಮನೆಗೂ ಹೋಗಿ ಎಣಿಸಿದರು. ಅವರ ಪುಸ್ತಕ 1899ರಲ್ಲಿ ಬಂತು. ಕಪ್ಪು ಜನ ಹೆಚ್ಚು ಸಾಯುತ್ತಾರೆ ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ಅದಕ್ಕೆ ಅವರ ರಕ್ತವೇ ಕಾರಣ ಎಂದು ನಂಬಿದ್ದವರೂ ಬಹಳ. ಇಕ್ಕಟ್ಟಿನ ಮನೆ, ಕೊಳಕು ಓಣಿ, ಕಡಿಮೆ ಕೂಲಿ, ಮುಚ್ಚಿದ ಬಾಗಿಲುಗಳು ಕಾರಣ ಎಂದು ಡುಬಾಯ್ಸ್ ಅಂಕಿಗಳಿಂದ ತೋರಿಸಿದರು. ನಮ್ಮಲ್ಲೂ ‘ಈ ಕಡೆಯ ಜನಕ್ಕೆ ಬುದ್ಧಿ ಇಲ್ಲ, ದವಾಖಾನಿಗೆ ಬರೋದಿಲ್ಲ’ ಎಂದು ಹೇಳುವ ಅಧಿಕಾರಿಗಳು ಇದ್ದೇ ಇದ್ದರು. ಕೇರಿವಾರು, ತಾಂಡಾವಾರು ಲೆಕ್ಕ ಮುಂದಿಟ್ಟರೆ ಆ ಮಾತು ನಿಲ್ಲುವುದಿಲ್ಲ. ಬಸ್ಸಿನ ದಾರಿ, ಕೂಲಿಯ ನಷ್ಟ, ಖಾಲಿ ಹುದ್ದೆ ಆಗ ಎದ್ದು ಕಾಣುತ್ತವೆ.

2013ರಿಂದ ಈಚೆಗಿನದನ್ನು ಬೇಗ ಹೇಳಬಹುದು, ಏಕೆಂದರೆ ಬಹಳಷ್ಟು ಎಲ್ಲರಿಗೂ ಗೊತ್ತು. ವೈಜನಾಥ ಪಾಟೀಲರಂಥ ಹೋರಾಟಗಾರರ ದಶಕಗಳ ಪಟ್ಟು, ಮಲ್ಲಿಕಾರ್ಜುನ ಖರ್ಗೆ ಮತ್ತು ಧರ್ಮಸಿಂಗ್ ಅವರ ಪ್ರಯತ್ನ ಎಲ್ಲ ಸೇರಿ ಸಂವಿಧಾನದ 98ನೇ ತಿದ್ದುಪಡಿಯಾಗಿ 371(ಜೆ) ವಿಧಿ ಬಂತು. ಅದರಡಿ 2013ರ ನವೆಂಬರ್‌ನಲ್ಲಿ ಹೊಸ ಮಂಡಳಿ ರಚನೆಯಾಯಿತು. 2019ರ ಸೆಪ್ಟೆಂಬರ್ 17ರಂದು ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಅದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಾಯಿತು. ವರ್ಷಕ್ಕೆ 1,500 ಕೋಟಿ ಇದ್ದ ಅನುದಾನ 2022-23ರಲ್ಲಿ 3,000 ಕೋಟಿ, ಮರುವರ್ಷ 5,000 ಕೋಟಿ ಎಂದು ಘೋಷಣೆಯಾಯಿತು. ಹಣ ಹಂಚುವಾಗ ‘ಮೈಕ್ರೋ’ ಎಂದು ಕರೆಯುವ ಪಾಲಿಗೆ ಆಧಾರ ನಂಜುಂಡಪ್ಪನವರ ಸೂಚ್ಯಂಕವೇ. 2023ರಲ್ಲಿ ಮಂಡಳಿಯ ಅಧ್ಯಕ್ಷರಾದದ್ದು ಜೇವರ್ಗಿಯ ಶಾಸಕ ಡಾ. ಅಜಯ್ ಸಿಂಗ್, ಧರ್ಮಸಿಂಗ್ ಅವರ ಮಗ.

371(ಜೆ)ಯ ಆರೋಗ್ಯ ಫಲ ಕಟ್ಟಡಗಳಿಗಿಂತ ಹೆಚ್ಚಾಗಿ ಅದರ ನೇಮಕಾತಿ ನಿಯಮದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಈ ಪ್ರದೇಶದ ಹುದ್ದೆಗಳಲ್ಲಿ ಎ ಮತ್ತು ಬಿ ವರ್ಗದ ಶೇ 75, ಸಿ ವರ್ಗದ ಶೇ 80, ಡಿ ವರ್ಗದ ಶೇ 85 ಸ್ಥಳೀಯರಿಗೆ. ಇಲ್ಲಿನ ವೈದ್ಯಕೀಯ ಕಾಲೇಜುಗಳ ಶೇ 70 ಸೀಟು ಇಲ್ಲಿಯವರಿಗೆ, ರಾಜ್ಯದ ಉಳಿದೆಡೆ ಶೇ 8. ವರ್ಗಾವಣೆಯ ಅರ್ಜಿ ಜೇಬಲ್ಲಿಟ್ಟುಕೊಂಡೇ ಬರುತ್ತಿದ್ದ ಡಾಕ್ಟರರ ಜಾಗಕ್ಕೆ, ಇಲ್ಲಿಯ ಬಿಸಿಲು, ಇಲ್ಲಿಯ ಮಾತು, ಇಲ್ಲಿಯ ಬಾಣಂತನ ಗೊತ್ತಿರುವ ನರ್ಸು, ಡಾಕ್ಟರು ಬರುವ ದಾರಿ ಇದರಿಂದ ತೆರೆದಿದೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಜಯದೇವ ಹೃದ್ರೋಗ ಆಸ್ಪತ್ರೆಗೆ 371 ಹಾಸಿಗೆಗಳು. ಆ ವಿಧಿಯ ನೆನಪಿಗೆಂದೇ ಅಷ್ಟು.

ಅಂಕಿ ನೇರವಾಗಿ ಊಟದ ತಟ್ಟೆಗೆ ಬಂದ ಒಂದು ಪ್ರಸಂಗವನ್ನು ಇಲ್ಲಿ ದಾಖಲಿಸಬೇಕು. 2021ರ ಡಿಸೆಂಬರ್‌ನಲ್ಲಿ, ಮಕ್ಕಳ ಅಪೌಷ್ಟಿಕತೆ ಹೆಚ್ಚಿದ್ದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಶುರುಮಾಡಿತು. ಕಲಬುರಗಿ ಅವುಗಳಲ್ಲೊಂದು. ವಿರೋಧವೂ ಬಂತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗಿನ ಮಕ್ಕಳನ್ನೂ ತೂಗಿ ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿತು. ಹಿಂದುಳಿದ ಜಿಲ್ಲೆಯಲ್ಲಿ ಶುರುವಾದದ್ದು ಮುಂದುವರಿದ ಜಿಲ್ಲೆಯ ಮಕ್ಕಳಿಗೂ ಉಣಿಸಿದ ಅಪರೂಪದ ಕೆಲಸ ಇದು.

ಈಗ ಮಾಡಬೇಕಾದದ್ದೇನು? ನಂಜುಂಡಪ್ಪ ಸೂಚ್ಯಂಕದ ಅಂಕಿಗಳಿಗೆ ಎರಡು ದಶಕ ದಾಟಿದೆ. ಜೇವರ್ಗಿಯಿಂದ ಯಡ್ರಾಮಿ ಬೇರೆ ತಾಲ್ಲೂಕಾಗಿದೆ; ಹಳೆಯ ಸೂಚ್ಯಂಕದಲ್ಲಿ ಆ ಹೆಸರೇ ಇಲ್ಲ. 2011ರ ನಂತರ ಜನಗಣತಿ ನಡೆದಿಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯಲು ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಸಮಿತಿ ರಚಿಸಿತು. ಹೊಸ ಅಳತೆಯಲ್ಲಿ ಹಾಸಿಗೆ, ವೈದ್ಯರ ಸಂಖ್ಯೆಯ ಜೊತೆಗೆ ತಾಯಂದಿರ ಸಾವು, ಕೂಸುಗಳ ಸಾವು, ಹುಟ್ಟುವಾಗಿನ ತೂಕ, ರಕ್ತಹೀನತೆಗಳು ಸೇರಬೇಕು. ಅವು ತಾಲ್ಲೂಕಿನ ಒಟ್ಟು ಅಂಕಿಯಾಗಿ ಬಂದರೆ ಸಾಲದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ತಾಂಡಾ, ಗುಳೆ ಹೋದ ಕುಟುಂಬ ಎಂದು ಬಿಡಿಸಿ ಬರಬೇಕು. ಕಚ್ಚಾ ಸಾಮಗ್ರಿ ಆಶಾ ಡೈರಿಗಳಲ್ಲಿ, ತಾಯಿ ಕಾರ್ಡುಗಳಲ್ಲಿ ಈಗಾಗಲೇ ಇದೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಈ ಲೆಕ್ಕವನ್ನು ಜೋಡಿಸಿ, ಪರೀಕ್ಷಿಸಿ, ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸುವ ಹೊಣೆಯನ್ನು ಮಂಡಳಿ ಅದಕ್ಕೆ ಒಪ್ಪಿಸಬಹುದು. ಹಾಗೆ ಮಾಡುವಾಗ ಯಾವ ಹೆಣ್ಣುಮಗಳ ಹೆಸರೂ ಕಾಯಿಲೆಯೂ ಊರ ಬಾಯಿಗೆ ಬೀಳದಂತೆ ಕಾಯಬೇಕು. ಸೊಲ್ಲಾಪುರ ಜಿಲ್ಲಾಡಳಿತದೊಂದಿಗೆ ಜನನ ಮರಣಗಳ ಮಾಹಿತಿ ವಿನಿಮಯಕ್ಕೆ ಒಂದು ಲಿಖಿತ ಒಪ್ಪಂದ ಆಗಬೇಕು.

371(ಜೆ) ವಿಧಿಯ ಪ್ರಕಾರ ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಲೇಬೇಕು. ಆ ವರದಿಯಲ್ಲಿ ಕಾಮಗಾರಿಗಳ ಪಟ್ಟಿಗೆ ಅನುಬಂಧವಾಗಿ ಈ ತಾಲ್ಲೂಕುವಾರು ಲೆಕ್ಕವನ್ನೂ ಇಡಬಹುದು; ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಮಂಡಳಿಯ ಒಂದು ಸಭೆಯ ನಿರ್ಣಯ ಸಾಕು. ಮೊದಲ ಮೂರು ಪುಟ ಆಳಂದ, ಅಫಜಲಪುರ, ಜೇವರ್ಗಿಯವಾಗಲಿ.